ಮಾವನವರು ಆರಿಸಿದ ಸುದ್ದಿಪುಟ

ಮೊನ್ನೆ ಹೊಸ ಫೋನಿನಲ್ಲಿ ಸುದ್ದಿ ಓದೋಣವೆಂದು ಕೂತರೆ, ಅದು ಸುದ್ದಿ ಹೇಳುವ ಮೊದಲು ನನ್ನನ್ನೇ ವಿಚಾರಣೆಗೆ ಹಿಡಿಯಿತು. ನಿಮಗೆ ಯಾವ ಯಾವ ವಿಷಯಗಳಲ್ಲಿ ಆಸಕ್ತಿ, ಒತ್ತಿ ತಿಳಿಸಿ ಎಂದಿತು. ಕ್ರೀಡೆ, ಸಿನಿಮಾ, ಸೌಂದರ್ಯ, ಹೂಡಿಕೆ, ಗ್ರಹಗತಿ ಎಲ್ಲವೂ ಸಾಲಾಗಿ ನಿಂತಿದ್ದವು. ನನ್ನ ಆಸಕ್ತಿ ಏನೆಂದು ಯಾರಾದರೂ ಕೇಳಿ ಎಷ್ಟೋ ವರ್ಷಗಳಾಗಿದ್ದವಾದ್ದರಿಂದ ಉತ್ತರ ತಕ್ಷಣ ಹೊಳೆಯಲಿಲ್ಲ. ಕೊನೆಗೆ ಕೈತಪ್ಪಿ ‘ಮೋಟಾರು ವಾಹನ’ ಒತ್ತಿಬಿಟ್ಟೆ. ಅಂದಿನಿಂದ ದಿನಾ ಬೆಳಿಗ್ಗೆ ಕಾಫಿಯ ಜೊತೆ ನನಗೆ ಲಾರಿ ಟೈರುಗಳ ಸುದ್ದಿ ಬರುತ್ತಿದೆ. ಬೇಸರವೇನೂ ಇಲ್ಲ. ಟೈರಿನಲ್ಲಿ ಎಷ್ಟೊಂದು ಬಗೆ ಇದೆ ಎಂಬುದು ಗೊತ್ತಾಗಿದೆ.

ಈ ಪ್ರಶ್ನೆಯನ್ನು ಹಿಂದೊಮ್ಮೆ ಒಂದು ಯಂತ್ರ ನಮ್ಮ ಮಾವನವರಿಗೂ ಕೇಳಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ಅವರು ನನ್ನ ಹಾಗೆ ತಬ್ಬಿಬ್ಬಾಗಲಿಲ್ಲ. ಆದರೆ ಅವರು ಕೊಟ್ಟ ಉತ್ತರ ಏನೆಂದು ಹೇಳಬೇಕಾದರೆ ನಾನು ಸ್ವಲ್ಪ ಹಿಂದಿನಿಂದ ಬರಬೇಕು.

ದಾವಣಗೆರೆಯಲ್ಲಿ ನಮ್ಮದು ಜವಳಿ ಅಂಗಡಿ. ಕೆಳಗೆ ಮಾವನವರೂ ನಮ್ಮ ಮನೆಯವರೂ ಸೀರೆ, ಪಂಚೆ ಬಿಚ್ಚಿ ತೋರಿಸುತ್ತಿದ್ದರೆ, ಮಹಡಿಯ ಮೇಲೆ ನಾನು ಟೈಪಿಂಗ್ ಕಲಿಸುತ್ತಿದ್ದೆ. ಮದುವೆಯಾಗಿ ಬಂದ ಹೊಸದರಲ್ಲಿ, ಸೊಸೆ ಮಹಡಿ ಮೇಲೆ ಟಕಟಕ ಸದ್ದು ಮಾಡಿದರೆ ಗಿರಾಕಿಗಳು ಏನಂದಾರು ಎಂದು ಅತ್ತೆಗೆ ಆತಂಕವಿತ್ತು. ಮಾವನವರೇ, “ಮಳಿ ಸದ್ದು ಇದ್ದಂಗೈತೆ, ಇರ್ಲಿ ಬಿಡು,” ಎಂದು ಒಪ್ಪಿಗೆ ಕೊಟ್ಟಿದ್ದರು. ಕಂಪ್ಯೂಟರು ಬಂದಮೇಲೆ ಆ ಮಳೆ ಕಡಿಮೆಯಾಗುತ್ತಾ ಬಂತು, ಅದು ಬೇರೆ ವಿಷಯ.

ಮಾವನವರಿಗೆ ಪತ್ರಿಕೆಯೆಂದರೆ ಪೂಜೆಯಷ್ಟೇ ಮುಖ್ಯ. ಬೆಳಿಗ್ಗೆ ಸ್ನಾನ ಮುಗಿಸಿ ವಿಭೂತಿ ಹಚ್ಚಿ ಲಿಂಗಪೂಜೆ ಮಾಡಿಕೊಂಡು ಬಂದರೆ ಮುಂದಿನ ಆಸನ ಪತ್ರಿಕೆಯದು. ಕನ್ನಡದ್ದು ಎರಡು, ಇಂಗ್ಲಿಷಿನದು ಒಂದು. ಅವರು ಓದಿ ಮುಗಿಸುವ ತನಕ ಯಾರೂ ಹಾಳೆ ಮುಟ್ಟುವಂತಿರಲಿಲ್ಲ. ಮಡಿಕೆ ಕೆಟ್ಟ ಪತ್ರಿಕೆಯನ್ನು ಅವರು ಮಡಿಕೆ ಕೆಟ್ಟ ಸೀರೆಯ ಹಾಗೆ ನೋಡುತ್ತಿದ್ದರು. ಕೊನೆಯ ಪುಟದಿಂದ ಮೊದಲ ಪುಟಕ್ಕೆ ಬರುವುದು ಅವರ ಕ್ರಮ. “ದೊಡ್ಡೋರ ಜಗಳ ಮುಂದಿನ ಪುಟದಾಗೆ ಇರ್ತೈತೆ, ಅದಕ್ಕೇನು ಅವಸರ,” ಎನ್ನುತ್ತಿದ್ದರು.

ನನ್ನ ಪತ್ರಿಕೆ ಓದಿನ ಕತೆಯೇ ಬೇರೆ. ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ನಮ್ಮ ಮನೆಗೆ ಪತ್ರಿಕೆ ಬರುತ್ತಿದ್ದುದು ಮಂಡಕ್ಕಿಯನ್ನು ಸುತ್ತಿಕೊಂಡು. ಖಾರ ಮಂಡಕ್ಕಿ ಮುಗಿದ ಮೇಲೆ ಪೊಟ್ಟಣ ಬಿಚ್ಚಿ, ಎಣ್ಣೆ ಕುಡಿದು ಪಾರದರ್ಶಕವಾದ ಕಾಗದವನ್ನು ಬೆಳಕಿಗೆ ಹಿಡಿದರೆ ಎರಡೂ ಬದಿಯ ಸುದ್ದಿ ಒಟ್ಟಿಗೇ ಕಾಣುತ್ತಿತ್ತು. ಈ ಕಡೆ ಮಂತ್ರಿಯೊಬ್ಬರು ಕಟ್ಟಡವನ್ನು ಉದ್ಘಾಟಿಸಿ ಮಾತನಾಡುತ್ತಾ ಇರುವಾಗಲೇ ಆ ಕಡೆಯಿಂದ ಎಮ್ಮೆಯೊಂದು ಬಾವಿಗೆ ಬೀಳುತ್ತಿತ್ತು. ಯಾವ ಸುದ್ದಿಗೂ ಕೊನೆ ಇರುತ್ತಿರಲಿಲ್ಲ, ಹರಿದ ಅಂಚು ಇರುತ್ತಿತ್ತು. ಮುಂದೇನಾಯಿತು ಎನ್ನುವುದನ್ನು ನಾನೇ ಕಟ್ಟಿ ತಂಗಿಗೆ ಹೇಳುತ್ತಿದ್ದೆ. ಆ ಎಮ್ಮೆಯನ್ನಂತೂ ನಾನು ಸುಖವಾಗಿ ಮೇಲೆತ್ತಿಸಿ, ಮಂತ್ರಿಗಳಿಗೆ ಅದರ ಹಾಲು ಕುಡಿಸಿಯೇ ಮಲಗಿದ್ದೆ.

ಗಿರಿಜೆಯ ವಿಷಯಕ್ಕೆ ಬರುತ್ತೇನೆ. ಗಿರಿಜೆ ನನ್ನ ನಾದಿನಿ, ಮಾವನವರ ಒಬ್ಬಳೇ ಮಗಳು. ಅವಳ ಗಂಡ ಬಸವರಾಜ ಊರಿನ ಒಂದು ಹತ್ತಿ ಗಿರಣಿಯಲ್ಲಿ ನೂಲುವ ವಿಭಾಗ ನೋಡಿಕೊಳ್ಳುತ್ತಿದ್ದ. ಗಿರಣಿ ಮುಚ್ಚಿತು. ಊರಂಚಿನ ಕರೂರಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಾರ್ಖಾನೆಗೆ ಕೆಲವು ತಿಂಗಳು ಹೋಗಿ ಬಂದ, ಅದು ಅವನ ಕೆಲಸವಾಗಿರಲಿಲ್ಲ. ಆಗ ಮಾವನವರು, “ಅಂಗಡಿಗೆ ಬಂದು ಕೂಡ್ರಿ, ಇದು ನಿಮ್ದೇ ಅಂತ ತಿಳ್ಕೊಳ್ರಿ,” ಎಂದು ಅಳಿಯನನ್ನು ಕರೆದರು. ಪ್ರೀತಿಯಿಂದಲೇ ಕರೆದದ್ದು. ಆದರೆ ಬಸವರಾಜ, “ಮಾವಾ, ನನಗೆ ನೂಲು ತೆಗಿಯೋದು ಗೊತ್ತು, ಸೀರೆ ಮಾರೋದು ಗೊತ್ತಿಲ್ರಿ,” ಎಂದು ಕೈ ಮುಗಿದು, ಕೀನ್ಯಾ ದೇಶದ ಒಂದು ಬಟ್ಟೆ ಗಿರಣಿಯ ಕೆಲಸಕ್ಕೆ ಒಪ್ಪಿಕೊಂಡುಬಿಟ್ಟ. ಹೆಂಡತಿಯನ್ನೂ ಕರೆದುಕೊಂಡು ಹೊರಟ.

ಗಿರಿಜೆ ಹೇಳಿಹೋಗಲು ಬಂದಾಗ ಮಾವನವರು ಪತ್ರಿಕೆಯಿಂದ ಮುಖ ಎತ್ತಲಿಲ್ಲ. ಅವಳು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅವರು ಪುಟ ತಿರುವಿದರು. ಅಲ್ಲಿಂದ ಮುಂದೆ ಅವಳು ಫೋನು ಮಾಡಿದಾಗಲೆಲ್ಲ ಅತ್ತೆ ಮಾತಾಡುವುದು, ನಾನು ಮಾತಾಡುವುದು, ಇವರು ಪಕ್ಕದ ಕೋಣೆಯಲ್ಲಿ ಪತ್ರಿಕೆ ಹಿಡಿದು ಕೂಡುವುದು. ಆ ಹೊತ್ತಿನಲ್ಲಿ ಪುಟ ತಿರುವುವ ಸದ್ದು ಮಾತ್ರ ಬರುತ್ತಿರಲಿಲ್ಲ.

ಅವರಿದ್ದ ಊರಿನ ಹೆಸರು ಥೀಕಾ. ನಮ್ಮ ಅತ್ತೆಯ ಬಾಯಲ್ಲಿ ಅದು ಠೀಕಾ ಆಗಿತ್ತು. “ಠೀಕ್ ಅನ್ನೋ ಹೆಸರಿನ ಊರಾಗೆ ಎಲ್ಲಾ ಠೀಕೇ ಇರ್ತೈತೆ ಬಿಡು,” ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ನಮ್ಮ ಪತ್ರಿಕೆಗಳಲ್ಲಿ ಕೀನ್ಯಾ ಬರುತ್ತಿದ್ದುದು ಓಟದ ಸ್ಪರ್ಧೆಯಲ್ಲಿ ಅಲ್ಲಿನವರು ಗೆದ್ದಾಗ ಮಾತ್ರ. ಮಾವನವರು ಆ ಸುದ್ದಿಯನ್ನೂ ಬಿಡದೆ ಓದುತ್ತಿದ್ದುದನ್ನು ನಾನು ಗಮನಿಸಿದ್ದೆ. ಅದಕ್ಕೂ ಮುಂಚೆ ಅವರಿಗೆ ಓಟದ ಹುಚ್ಚು ಇದ್ದದ್ದು ನನಗೆ ನೆನಪಿಲ್ಲ.

ಹೀಗಿರುವಾಗ ಹರಿಹರದಲ್ಲಿ ನನ್ನ ಬಾಲ್ಯದ ಗೆಳತಿ ಮುಮ್ತಾಜ್ ತನ್ನ ತಂದೆಯ ಹಾರ್ಡ್‌ವೇರ್ ಅಂಗಡಿಯ ಮೇಲೆ ಇಂಟರ್ನೆಟ್ ಕೇಂದ್ರ ತೆರೆದಳು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದವಳು, ಯಾರದೋ ಕೈಕೆಳಗೆ ಇರುವುದು ಸಾಕೆಂದು ಬಿಟ್ಟು ಬಂದಿದ್ದಳು. ನಾನು ನೋಡಲು ಹೋದೆ. ಟೈಪಿಂಗಿನ ಗರ್ವದಲ್ಲಿ ಕೀಲಿಮಣೆಯ ಮೇಲೆ ಕೈ ಇಟ್ಟು, ಒಂದು ಸಾಲು ಮುಗಿದ ಕೂಡಲೇ ಅಭ್ಯಾಸಬಲದಿಂದ ಎಡಗೈ ಎತ್ತಿ, ಟೈಪ್‌ರೈಟರಿನಲ್ಲಿ ಸಾಲು ಬದಲಿಸುವ, ಇಲ್ಲಿ ಇಲ್ಲದ ಸರಳನ್ನು ತಳ್ಳಿದೆ. ಪರದೆ ಹಿಂದಕ್ಕೆ ಜರುಗಿತು. ಮುಮ್ತಾಜ್ ನಗಲಿಲ್ಲ. ಪರದೆಯನ್ನು ಮೊದಲಿನ ಜಾಗಕ್ಕೆ ಎಳೆದಿಟ್ಟು, “ಇದಕ್ಕೆ ಇಷ್ಟು ಸಿಟ್ಟು ಬ್ಯಾಡ ಕಣೇ, ಮೆತ್ತಗೆ ಒತ್ತು,” ಎಂದಳು.

ಅವಳೇ ಹೇಳಿದ್ದು, ಈಗ ಒಂದೊಂದೇ ಪತ್ರಿಕೆಯ ಪುಟ ಹುಡುಕಿಕೊಂಡು ಹೋಗಬೇಕಾಗಿಲ್ಲ, ನಮಗೆ ಬೇಕಾದ ಪತ್ರಿಕೆಗಳ ತಲೆಬರಹಗಳನ್ನೆಲ್ಲ ಒಂದೇ ಪುಟಕ್ಕೆ ತಂದು ಹಾಕುವ ತಾಣಗಳು ಬಂದಿವೆ ಎಂದು. ಹೊರದೇಶದ ಪತ್ರಿಕೆಗಳೂ ಸಿಗುತ್ತವಂತೆ. ನಾನು ಕೇಳಿದೆ, “ಆಫ್ರಿಕಾದ್ದು ಸಿಗ್ತಾವಾ?” “ನೋಡೋಣ, ಯಾವ ಪುಟದಾಗೆ ಸಿಗ್ತಾವೋ ಹುಡುಕ್ಬೇಕು,” ಎಂದಳು.

ಮನೆಗೆ ಬಂದು ಇದನ್ನೆಲ್ಲ ಅತ್ತೆಗೆ ಹೇಳಿದೆ. ಪಕ್ಕದ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ. ಮಾರನೆಯ ಬೆಳಿಗ್ಗೆ ಮಾವನವರು ಕೋಟು ಹಾಕಿಕೊಂಡು ಹೊರಗೆ ಬಂದರು.

“ಹರಿಹರದಾಗೆ ನಂಗೊಂದು ಕೆಲಸ ಐತೆ. ನೀನು ಆ ಕಡೆ ಹೋಗೋದಿದ್ರೆ ಜೊತಿಗೆ ಬರ್ತೀನಿ.”

“ಏನು ಕೆಲಸ ಮಾವಾ?”

“ಐತೆ ಒಂದು ಕೆಲಸ,” ಎಂದರು.

ಅಷ್ಟರಲ್ಲಿ ದಾವಣಗೆರೆಯಲ್ಲೂ ಅಂಥ ಕೇಂದ್ರಗಳು ಶುರುವಾಗಿದ್ದವು, ನಮ್ಮ ಅಂಗಡಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಒಂದಿತ್ತು. ಆದರೆ ಅಲ್ಲಿ ಕೂತರೆ ದಾರಿಯಲ್ಲಿ ಹೋಗುವ ಪ್ರತಿಯೊಬ್ಬರೂ, “ಏನ್ರಿ ಸಾವ್ಕಾರ್ರೇ, ಮಗಳ ಸುದ್ದಿನಾ?” ಎಂದು ಕೇಳುತ್ತಿದ್ದರು. ಹರಿಹರದಲ್ಲಿ ಆ ಭಯವಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವರು ಬಾತಿಯ ಗುಡ್ಡ ದಾಟುವವರೆಗೂ ಟಿಕೇಟನ್ನು ಮಡಿಸಿ ಬಿಚ್ಚುತ್ತಿದ್ದರು. ದಾಟಿದ ಮೇಲೆ, “ಆ ಯಂತ್ರದಾಗೆ ಎಲ್ಲಾ ದೇಶದ ಪೇಪರೂ ಬರ್ತಾವಂತೇನು?” ಎಂದು ಹೊರಗೆ ನೋಡುತ್ತಲೇ ಕೇಳಿದರು.

ಮುಮ್ತಾಜ್ ಅವರಿಗೆಂದು ಕೈ ಇರುವ ಕುರ್ಚಿ ಹಾಕಿಸಿ, “ಬರ್ರಿ ಅಂಕಲ್, ಕೂಡ್ರಿ,” ಎಂದಳು. ಸೀರೆ ಆರಿಸುವವರನ್ನು ಬದುಕಿಡೀ ನೋಡಿದ್ದ ಮಾವನವರು ಆವತ್ತು ತಾವೇ ಗಿರಾಕಿಯಾಗಿ ಕೂತರು. ಅವಳು ಮೊದಲು ತೆಗೆದದ್ದು ಬಣ್ಣಬಣ್ಣದ ಪುಟ. ಮೂಲೆಯಲ್ಲಿ ಒಬ್ಬ ಸೂರ್ಯ ತಿರುಗುತ್ತಿದ್ದ. ಚಿತ್ರಗಳು ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯುತ್ತಿದ್ದವು. ಒಬ್ಬ ಮನುಷ್ಯನ ಹಣೆ ಬಂತು, ಹುಬ್ಬು ಬಂತು, ಕಣ್ಣು ಬರುವ ಹೊತ್ತಿಗೆ ಇಂಟರ್ನೆಟ್ ತರುತ್ತಿದ್ದ ಫೋನಿನ ಸಂಪರ್ಕ ಕಡಿಯಿತು. “ಸೆರಗು ಚಂದ ಐತೆ, ಸೀರಿಗೆ ಒಡಲೇ ಇಲ್ಲ,” ಎಂದರು ಮಾವನವರು. “ಮುಂದಿನದು ತೆಗೀವ್ವ.”

ಎರಡನೆಯದು ಪ್ರಶ್ನೆ ಕೇಳುವ ಪುಟ. ನಾನು ಮೊದಲು ಹೇಳಿದ, ನಿಮ್ಮ ಆಸಕ್ತಿಗಳೇನು ಎಂಬ ಪ್ರಶ್ನೆ ಮಾವನವರಿಗೆ ಎದುರಾದದ್ದು ಇಲ್ಲಿಯೇ. ಮುಂದೆ ಚೌಕಗಳು. ಮುಮ್ತಾಜ್ ಯಾವುದಾದರೂ ನಾಲ್ಕು ಒತ್ತೋಣ ಎಂದರೆ ಇವರು ಬಿಡಲಿಲ್ಲ. “ಕೇಳ್ಯಾರೆ ಅಂದಮ್ಯಾಲೆ ಖರೇ ಹೇಳ್ಬೇಕು. ಮಳಿ ಐತಾ? ಬೆಳಿ ಐತಾ? ಅರಳಿ ಐತಾ?” ಅರಳೆಯೂ ಇರಲಿಲ್ಲ, ಮಳೆ ಬೆಳೆಯೂ ಇರಲಿಲ್ಲ. ಇದ್ದುದರಲ್ಲೇ ವ್ಯಾಪಾರ, ಹವಾಮಾನ, ವಿದೇಶ ಎಂದು ಒತ್ತಿದೆವು. ಅಷ್ಟೆಲ್ಲ ಕೇಳಿಸಿಕೊಂಡು ಆ ಪುಟ ನಮ್ಮ ಮುಂದೆ ತಂದಿಟ್ಟದ್ದು ಅಮೆರಿಕದ ಯಾವುದೋ ಚೆಂಡಾಟದ ಅಂಕಗಳನ್ನು. ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು. “ನಮ್ಮ ಮಾತು ಕೇಳ್ಸಿಕೊಂಡಂಗೆ ಮಾಡಿ ತನಗೆ ಬೇಕಾದ್ದು ಮಾರ್ತೈತೆ. ಇಂಥ ಅಂಗಡಿ ನಾನು ನೋಡೀನಿ.”

ಮೂರನೆಯದು ಬೋಳು ಪುಟ. ಬಿಳಿಯ ಹಾಳೆ, ಅದರಲ್ಲಿ ಸಣ್ಣ ಪೆಟ್ಟಿಗೆಗಳು, ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ಪತ್ರಿಕೆಯ ತಲೆಬರಹಗಳು, ಅಷ್ಟೇ. ಚಿತ್ರವಿಲ್ಲ, ಸೂರ್ಯನಿಲ್ಲ. ಯಾವ ಪೆಟ್ಟಿಗೆ ಬೇಕೋ ಇಟ್ಟುಕೊಳ್ಳಬಹುದು, ಬೇಡದ್ದನ್ನು ತೆಗೆಯಬಹುದು, ಮೇಲಿನದನ್ನು ಕೆಳಗೆ ಮಾಡಬಹುದು. ಉದ್ದದ ಪಟ್ಟಿಯಲ್ಲಿ ಕೆಳಕೆಳಗೆ ಹೋದಾಗ ಆಫ್ರಿಕಾದ ಪತ್ರಿಕೆಗಳನ್ನು ಒಟ್ಟು ಮಾಡಿದ ಒಂದು ಪೆಟ್ಟಿಗೆ ಸಿಕ್ಕಿತು. ಅದನ್ನು ಒತ್ತಿದ ಕೂಡಲೇ ಪರದೆಯ ಮೇಲೆ ಕೀನ್ಯಾದ ಏಳೆಂಟು ಸಾಲುಗಳು ಬಂದು ಕೂತವು. ಮಾವನವರು ಮುಂದಕ್ಕೆ ಬಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಓದಿದರು. ಮೆಕ್ಕೆಜೋಳದ ಧಾರಣೆ. ಶಿಕ್ಷಕರ ಬೇಡಿಕೆ. ಅನಾನಸ್ ತೋಟಕ್ಕೆ ನೀರು.

“ಇದೇ ಇರ್ಲಿ,” ಎಂದರು. “ಕೈಗೆ ಒರಟು, ಆದ್ರೆ ಬಣ್ಣ ಹೋಗಲ್ಲ.”

ಪುಟ ನಮ್ಮದಾಗಲು ಒಂದು ಗುಪ್ತಪದ ಬೇಕಿತ್ತು. ಯಾರಿಗೂ ಹೇಳಬಾರದ, ಆದರೆ ತಾವು ಮರೆಯದಂಥ ಒಂದು ಮಾತು ಹೇಳಿ ಎಂದಳು ಮುಮ್ತಾಜ್. ಮಾವನವರು ಕಿಟಕಿಯ ಹೊರಗೆ ನೋಡಿದರು. ಕೆಳಗೆ ಯಾರೋ ಕಬ್ಬಿಣದ ತಗಡು ಇಳಿಸುತ್ತಿದ್ದರು. ಆ ಸದ್ದು ನಿಂತ ಮೇಲೆ, “ಗಿರಿಜಾ ಅಂತ ಹಾಕು,” ಎಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡದ್ದನ್ನು ಕಂಡು, “ದೇವಿ ಹೆಸರು. ಒಳ್ಳೇದಾಗ್ಲಿ ಅಂತ,” ಎಂದು ಸೇರಿಸಿದರು. ಮುಮ್ತಾಜ್ ತಲೆ ಬಗ್ಗಿಸಿ ಅಕ್ಷರಗಳನ್ನು ಒತ್ತಿದಳು.

ಅಂದಿನಿಂದ ವಾರಕ್ಕೊಮ್ಮೆಯಾದರೂ ಅವರಿಗೆ ಹರಿಹರದಲ್ಲಿ ಕೆಲಸ ಬೀಳತೊಡಗಿತು. ಥೀಕಾದ ಹೆಸರು ದಿನಾ ಬರುತ್ತಿರಲಿಲ್ಲ. ಬಂದ ದಿನ ಅವರ ಮುಖ ಗಿರಾಕಿ ತುಂಬಿದ ಅಂಗಡಿಯಂತಿರುತ್ತಿತ್ತು. ಮನೆಗೆ ಬಂದು ಅತ್ತೆಗೆ, “ಅಲ್ಲಿ ಮಾರ್ಕೆಟ್ ರಸ್ತೆಗೆ ದೀಪ ಹಾಕ್ತಾರಂತೆ,” ಎಂದು ಗಾಳಿಗೆ ಹೇಳಿದ ಹಾಗೆ ಹೇಳುತ್ತಿದ್ದರು. ಆಲೂಗಡ್ಡೆ ಅಲ್ಲಿ ಅಗ್ಗವೆಂದೂ, ಅಲ್ಲಿನ ಪುರಸಭೆ ನಮ್ಮದರ ಹಾಗೆಯೇ ಎಂದೂ ಅವರಿಗೆ ಗೊತ್ತಾಯಿತು. ಫೋನು ಬಂದಾಗ ಮಾತ್ರ ಮತ್ತೆ ಪಕ್ಕದ ಕೋಣೆ, ಮತ್ತೆ ಪತ್ರಿಕೆ.

ಆ ಬೇಸಿಗೆಯಲ್ಲಿ ಗಿರಿಜೆಯ ಫೋನು ನಿಂತಿತು. ನಾವು ಮಾಡಿದರೂ ಹೋಗುತ್ತಿರಲಿಲ್ಲ. ನಮ್ಮ ಇಂಗ್ಲಿಷ್ ಪತ್ರಿಕೆಯ ಒಳಪುಟದಲ್ಲಿ, ಪೂರ್ವ ಆಫ್ರಿಕಾದಲ್ಲಿ ಭಾರಿ ಮಳೆ ಎಂದು ಒಂದೇ ಒಂದು ವಾಕ್ಯ ಇತ್ತು. ಮಾವನವರು ಅದನ್ನು ಓದಿ ಪತ್ರಿಕೆಯನ್ನು ಮಡಿಸದೆ ಹಾಗೇ ಇಟ್ಟು ಎದ್ದರು. “ನಡೀವ್ವ,” ಎಂದರು. ಅವತ್ತು ಕೆಲಸದ ನೆಪ ಹೇಳಲಿಲ್ಲ.

ನಮ್ಮ ಪುಟ ತೆರೆಯಿತು. ಮೊದಲ ಸಾಲೇ ಥೀಕಾದ್ದು. ಸೇತುವೆ ಕೊಚ್ಚಿಹೋಗಿದೆ, ಪಟ್ಟಣದ ಸಂಪರ್ಕ ಕಡಿದಿದೆ. ತಲೆಬರಹ ಅಷ್ಟೇ. ಪೂರ್ತಿ ಓದಲು ಅದರ ಮೇಲೆ ಒತ್ತಿದರೆ ಪರದೆ ಬೆಳ್ಳಗೇ ಉಳಿಯಿತು. ಮತ್ತೆ ಒತ್ತಿದಳು ಮುಮ್ತಾಜ್. ಸಂಪರ್ಕ ಹೋಯಿತು. ಫೋನು ತಿರುಗಿಸಿ ಮತ್ತೆ ಸೇರಿಸುವಷ್ಟರಲ್ಲಿ ಕರೆಂಟು ಹೋಯಿತು. ಮಂಡಕ್ಕಿ ಪೊಟ್ಟಣದ ಹರಿದ ಸುದ್ದಿಗೆ ಬಾಲ ಕಟ್ಟಿ ಸಂತೋಷಪಟ್ಟವಳು ನಾನು. ಆವತ್ತು ನನ್ನ ತಲೆ ಕಟ್ಟಿದ ಒಂದೊಂದು ಬಾಲವೂ ಹೆದರಿಕೆ ಹುಟ್ಟಿಸುತ್ತಿತ್ತು.

“ಕರೆಂಟು ಬರೋತನಕ ಹೊಳಿ ಕಡೆ ಹೋಗಿಬರ್ತೀನಿ,” ಎಂದು ಮಾವನವರು ಹೊರಟರು. ನಾನೂ ಹಿಂದೆ ಹೋದೆ. ತುಂಗಭದ್ರೆ ಬಿಸಿಲಿಗೆ ಸೊರಗಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಳು. ಹೆಂಗಸರು ನಡುಹೊಳೆಯಲ್ಲಿ ಕೂತು ಬಟ್ಟೆ ಒಗೆಯುತ್ತಿದ್ದರು. ಮಾವನವರು ಹೊಳೆಯ ಮೇಲಿನ ಸೇತುವೆಯನ್ನೇ ನೋಡುತ್ತಾ ನಿಂತರು.

“ಅಂಗಡಿಗೆ ಬಾ ಅಂದಿದ್ದು ತಪ್ಪಲ್ಲ,” ಎಂದರು. “ಹೋಗ್ತೀನಿ ಅಂದಾಗ ಹೋಗಿ ಬಾ ಅನ್ಬೇಕಿತ್ತು. ಆ ಒಂದು ಮಾತು ಒಳಗೇ ಉಳೀತು ನೋಡು.”

“ಬರ್ರಿ ಮಾವಾ, ಕರೆಂಟು ಬಂದಿರ್ಬೇಕು,” ಎಂದೆ.

ಬಂದಿತ್ತು. ಮುಮ್ತಾಜ್ ಮೆಟ್ಟಿಲ ತುದಿಯಲ್ಲೇ ನಿಂತಿದ್ದಳು. “ಬೇಗ ಬರ್ರಿ ಅಂಕಲ್, ಪೂರಾ ಬಂದೈತೆ.” ಈ ಸಲ ಅವರು ಓದಲಿಲ್ಲ, ನನಗೇ ಓದಲು ಹೇಳಿ ಕಣ್ಣು ಮುಚ್ಚಿ ಕೂತರು. ಸೇತುವೆ ಹೋಗಿದ್ದು ನಿಜ, ಫೋನಿನ ತಂತಿಗಳೂ ಅದರ ಜೊತೆಗೇ ಹೋಗಿದ್ದವು. ಗಿರಣಿಗಳಿರುವ ಭಾಗ ಎತ್ತರದಲ್ಲಿದ್ದು ಅಲ್ಲಿಗೆ ನೀರು ಬಂದಿರಲಿಲ್ಲ. ತಗ್ಗಿನ ಮನೆಗಳವರನ್ನು ಶಾಲೆಯೊಂದರಲ್ಲಿ ಇರಿಸಿದ್ದಾರೆ, ಗಿರಣಿಯ ಭಾರತೀಯ ಕುಟುಂಬಗಳು ಅಲ್ಲಿ ಅಡುಗೆ ಮಾಡಿ ಬಡಿಸುತ್ತಿವೆ ಎಂದಿತ್ತು. ಕೊನೆಯ ವಾಕ್ಯ ಓದಿದ ಮೇಲೆ ಮಾವನವರು ಕಣ್ಣು ತೆರೆದರು.

“ಇನ್ನೊಂದ್ಸಲ ಓದು.”

ಓದಿದೆ.

“ಅಲ್ಲಿ ಯಾರಾದ್ರೂ ರೊಟ್ಟಿ ಬಡೀತಿದ್ರೆ ಅದು ನಮ್ಮ ಗಿರಿಜೇನೇ. ಅವರವ್ವನ ಕೈ ಅದು,” ಎಂದರು. ಮುಮ್ತಾಜ್ ತನ್ನ ಡಬ್ಬಿ ತೆಗೆದು ನಮ್ಮ ಮುಂದೆ ಇಟ್ಟಳು. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನಮಗೆ ಆಗಲೇ ಗೊತ್ತಾಗಿದ್ದು. ಅವಳ ಮನೆಯ ರೊಟ್ಟಿ, ಬದನೆಕಾಯಿ ಪಲ್ಯವನ್ನು ಮಾವನವರು ಕೀಲಿಮಣೆಯ ಪಕ್ಕದಲ್ಲೇ ಕೂತು ಉಂಡರು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಫೋನು ಬಂತು. ಅತ್ತೆ ಎತ್ತಿ, “ಗಿರಿಜಾ” ಎಂದು ಮನೆಯೆಲ್ಲ ಕೇಳುವಂತೆ ಕೂಗಿದರು. ಪಕ್ಕದ ಕೋಣೆಯಿಂದ ಮಾವನವರು ಬಂದರು. ಕೈ ಚಾಚಿದರು. ಅತ್ತೆ ಫೋನು ಕೊಟ್ಟರು. ಮಾವನವರು ಅದನ್ನು ಕಿವಿಗೆ ಹಿಡಿದು ಕೇಳಿದರು: “ಆ ಸೇತುವಿ ಮ್ಯಾಲೆ ಈಗ ಲಾರಿ ಬಿಡ್ತಾರೋ ಇಲ್ಲೋ?”

ಆ ಕಡೆಯಿಂದ ಅವಳ ದನಿ ನನಗೂ ಸಣ್ಣಗೆ ಕೇಳಿತು. “ಅಪ್ಪಾಜಿ, ನಿಮಗೆ ಸೇತುವಿ ವಿಷಯ ಯಾರು ಹೇಳಿದ್ರು?”

“ಎಲ್ಲಾ ಗೊತ್ತೈತೆ ನಂಗೆ. ಮಾರ್ಕೆಟ್ ರಸ್ತೆ ದೀಪ ಹಾಕಿದ್ರಾ?”

“ಹಾಕ್ತಾರೆ ಅಂತ ನಂಗೇ ಗೊತ್ತಿಲ್ಲಲ್ಲ ಅಪ್ಪಾಜಿ,” ಎಂದ ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮುಂದೆ ಅಪ್ಪ ಮಗಳು ಆಲೂಗಡ್ಡೆ, ಮೆಕ್ಕೆಜೋಳ, ಪುರಸಭೆ ಎಲ್ಲವನ್ನೂ ಮಾತಾಡಿದರು. ಇಡುವ ಮುಂಚೆ ಮಾವನವರು, “ಅಳಿಯಂದ್ರಿಗೆ ಹೇಳು, ಕೆಲಸ ಚಲೋ ಮಾಡ್ಲಿ ಅಂತ,” ಎಂದರು. ಅತ್ತೆ ಸೆರಗಿನಿಂದ ಫೋನಿನ ಮೇಲಿನ ಧೂಳು ಒರೆಸಿದರು. ಅದರ ಮೇಲೆ ಧೂಳು ಇರಲಿಲ್ಲ.

ಮಾರನೆಯ ದಿನ ಮತ್ತೆ ಕೋಟು ಹಾಕಿಕೊಂಡು ನಿಂತಿದ್ದರು. ಈಗ ಫೋನೇ ಬರುತ್ತದಲ್ಲ ಮಾವಾ ಎಂದೆ. “ಆಕಿ ಫೋನಿನಾಗೆ ಎಲ್ಲಾ ಚೆನ್ನಾಗೈತೆ ಅಂತಾಳೆ. ಪೇಪರು ಹಂಗಲ್ಲ,” ಎಂದರು. ಬಸ್ಸು ಊರು ಬಿಟ್ಟ ಮೇಲೆ ಇನ್ನೊಂದು ವಿಷಯ ಹೊರಬಂತು. ತನಗೆ ನಮ್ಮೂರ ಸುದ್ದಿ ಅಲ್ಲಿ ಯಾವ ಪುಟದಲ್ಲೂ ಸಿಗುವುದಿಲ್ಲ ಎಂದು ಗಿರಿಜೆ ಫೋನಿನಲ್ಲಿ ಹೇಳಿದ್ದಳಂತೆ. ಗಂಡನ ಆಫೀಸಿಗೆ ಇ-ಮೇಲ್ ಇದೆ ಎಂದೂ ಹೇಳಿದ್ದಳಂತೆ.

“ನಾವೇ ಕಳಿಸಿದ್ರೆ ಹೆಂಗೆ?” ಎಂದರು.

ಮುಮ್ತಾಜಳ ಅಂಗಡಿಯಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಒತ್ತುತ್ತೇನೆ, ನೀವು ಹೇಳಿ ಎಂದು ನಾನು ಕೈ ಇಟ್ಟು ಕೂತೆ. ಮಾವನವರು ಪತ್ರಿಕೆಯ ಭಾಷೆಯಲ್ಲಿ, ಒಂದೊಂದೇ ಮಾತನ್ನು ತೂಗಿ ಹೇಳತೊಡಗಿದರು. ಬಾತಿ ಕೆರೆಯಲ್ಲಿ ನೀರು ತಳ ಸೇರಿದ್ದು, ಮುಂಗಾರಿನ ನಿರೀಕ್ಷೆಯಲ್ಲಿ ಜನರಿದ್ದಾರೆ. ಮಲೆಬೆನ್ನೂರಿನ ಕಡೆ ಬೇಸಿಗೆ ಭತ್ತದ ಕೊಯ್ಲು ಮುಗಿದಿದ್ದು, ಇಳುವರಿ ತೃಪ್ತಿಕರವಾಗಿದೆ. ಜವಳಿ ವ್ಯಾಪಾರ ಸಾಧಾರಣ. ನಿಮ್ಮತ್ತೆಯವರ ಮಂಡಿನೋವು ಹತೋಟಿಯಲ್ಲಿದೆ ಎಂದು ಬಲ್ಲ ಮೂಲಗಳು ತಿಳಿಸಿವೆ.

“ಅತ್ತೆಯವರು ಅಂದ್ರೆ ಯಾರಿಗೆ ಅತ್ತೆ ಮಾವಾ? ಗಿರಿಜೆಗೆ ಅವ್ವ ಅಲ್ವಾ?” ಎಂದೆ. ಮುಮ್ತಾಜ್ ನಗು ತಡೆಯಲು ಮುಖ ಆ ಕಡೆ ತಿರುಗಿಸಿಕೊಂಡಳು.

“ಹೌದಲ್ಲ. ತಿದ್ದು.”

ತಿದ್ದಿದೆ. ಕೊನೆಯಲ್ಲಿ ಬಿಟ್ಟ ಜಾಗ ತೋರಿಸಿ, ಇಲ್ಲಿ ಬರೆದವರ ಹೆಸರು ಹಾಕಬೇಕು, ಏನು ಹಾಕಲಿ ಎಂದು ಕೇಳಿದೆ.

“ನಮ್ಮ ಪ್ರತಿನಿಧಿಯಿಂದ ಅಂತ ಹಾಕು,” ಎಂದರು. ನಾನು ಅರ್ಧ ಒತ್ತಿದ್ದೆ. ಅವರು ಕೈ ಎತ್ತಿ ತಡೆದರು.

“ಬ್ಯಾಡ. ಅದನ್ನ ಅಳಿಸು. ಅಪ್ಪಾಜಿ ಅಂತ ಹಾಕು.”